ಕೋಡಂಗಿಯ ಲಾಂದ್ರ

ಅಪ್ಪನ ಅಕ್ಕ ಗೈನೋರತ್ತೆ ಆ ದೀಪ ಕಂಡದ್ದು ಬುಧವಾರ ಸಂಜೆ, ಅಣ್ಣ, ಅತ್ತಿಗೆ, ನಾನು ಮೂವರೂ ಮೆಥಡಿಸ್ಟರ ಕೂಟಕ್ಕೆ ಹೋಗಿದ್ದಾಗ. ಕಂಡವರು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ಅತ್ತೆಯ ಜಾಯಮಾನವಲ್ಲ. ನಾವು ಒದ್ದೆ ಶಾಲು ಕೊಡವಿ ಒಲೆಯ ಮುಂದೆ ಕೂತದ್ದೇ ತಡ, ಬಟ್ಟಲಿನ ಅಂಬಲಿಗೆ ಮಜ್ಜಿಗೆ ಹುಯ್ಯುತ್ತಾ, ಹಸು ಕರು ಹಾಕಿತು ಎನ್ನುವ ದನಿಯಲ್ಲಿ ಹೇಳಿಬಿಟ್ಟರು.

“ಇವತ್ತು ನಮ್ಮ ಅಂಗಳದಿಂದ ಹೆಣದೀಪ ಹೊರಡ್ತು.”

ಓಟ್ಸ್ ರೊಟ್ಟಿ ಮುರಿಯುತ್ತಿದ್ದ ಅಣ್ಣ ಎಡ್ಮಂಡ್ ತಲೆಯೆತ್ತಿದ. “ಅತ್ತೆ, ಊಟದ ಹೊತ್ತಲ್ಲಿ ಇವೆಲ್ಲ ಬೇಡ.”

“ಊಟ ಆದ್ಮೇಲೆ ಹೇಳಿದ್ರೆ ಬೇರೆ ದೀಪ ಆಗುತ್ತಾ? ಕೊಟ್ಟಿಗೆ ಮೂಲೆಯಿಂದ ಎದ್ದು ಹೆಣದ ದಾರಿ ಹಿಡೀತು. ಸೇತುವೆ ದಾಟಿ ಚರ್ಚಿನ ಗೇಟಿನ ಹತ್ರ ಹೋಗಿ ಮಾಯ ಆಯ್ತು. ಇದೇ ಕಿಟಕೀಲಿ ನಿಂತು ಕಣ್ಣಾರೆ ನೋಡಿದೀನಿ.”

“ಯಾರೋ ಲಾಂದ್ರ ಹಿಡ್ಕೊಂಡು ಹೋಗಿರ್ತಾರೆ ಬಿಡಿ,” ಎಂದೆ ನಾನು.

“ಯಾರು ಹೋಗ್ತಾರೆ ಮಾರ್ಗೆಡ್? ಊರಿಗೆ ಊರೇ ನಿಮ್ಮ ಕೂಟದಲ್ಲಿತ್ತು. ನಿಮ್ಮಪ್ಪ ಮಂಡಿ ನೋವು ಅಂತ ಕೊಟ್ಟಿಗೆ ಅಟ್ಟದಲ್ಲಿ ಬಿದ್ಕೊಂಡಿದ್ದ. ಅದೂ ಅಲ್ದೆ ಲಾಂದ್ರದ ಬೆಳಕು ಯಾವುದು, ಆ ಬೆಳಕು ಯಾವುದು ಅಂತ ನಂಗೆ ಗೊತ್ತಾಗಲ್ವಾ? ಇದು ಸಣ್ಣಗಿತ್ತು. ಬಿಳಿಚಿಕೊಂಡಿತ್ತು.”

ಅತ್ತಿಗೆ ಲೌರಿಯ ಕೈಯಿಂದ ಸೌಟು ಜಾರಿ ಮಡಕೆಯೊಳಗೆ ಬಿತ್ತು. ಸಾವಿಗೆ ಮುಂಚೆ ದೀಪವೊಂದು ಮನೆಯಿಂದ ಹೊರಟು, ಹೆಣ ಹೋಗಬೇಕಾದ ದಾರಿಯಲ್ಲಿ ತಾನು ಮೊದಲು ಹೋಗುತ್ತದೆ ಎಂಬುದು ನಮ್ಮ ಕಣಿವೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ದೊಡ್ಡವರಿಗೆ ದೊಡ್ಡ ದೀಪ, ಮಗುವಿಗೆ ಸಣ್ಣದು. ನಮ್ಮ ಮನೆಯಲ್ಲಿದ್ದ ಮಗು ಒಂದೇ. ಅಣ್ಣನ ಮಗಳು ಡೋರ್ತಿ, ಒಂಬತ್ತು ವರ್ಷದವಳು, ಒಲೆಯ ಪಕ್ಕದ ಮೂಲೆಯಲ್ಲಿ ಕಾಲುಚೀಲ ಹೆಣೆಯುತ್ತಾ ಕೂತಿದ್ದಳು. ಅವಳ ಸೂಜಿಗಳ ಸದ್ದು ನಿಂತಿತು.

“ಸುಳ್ಳು,” ಎಂದ ಅಣ್ಣ. “ದೇವರನ್ನ ನಂಬಿದೋರು ಇಂಥದ್ದನ್ನೆಲ್ಲ ನಂಬಬಾರದು. ಈ ಮನೇಲಿ ಇನ್ನು ಈ ಮಾತು ಯಾರೂ ಎತ್ತಕೂಡದು.”

ಯಾರೂ ಎತ್ತಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಅಣ್ಣ ಕೂಟದ ಹಿರಿಯರಲ್ಲಿ ಒಬ್ಬ. ವಾರಕ್ಕೊಮ್ಮೆ ಎಲ್ಲರೂ ಸೇರಿ, ಆ ವಾರ ತಮ್ಮ ಆತ್ಮ ಎಲ್ಲೆಲ್ಲಿ ಎಡವಿತು ಎಂದು ಎದ್ದುನಿಂತು ಹೇಳಿಕೊಳ್ಳುವುದು ಕೂಟದ ಪದ್ಧತಿ. ಸಂತೆಯಲ್ಲಿ ಕುಣಿದವರನ್ನು, ಭಾನುವಾರ ಚೆಂಡಾಡಿದವರನ್ನು, ಕಣಿ ಕೇಳಿದವರನ್ನು ಹೊರಗೆ ಹಾಕುವುದೂ ಪದ್ಧತಿ. ಅತ್ತೆಯನ್ನೂ ಕರೆದು ವಿಚಾರಿಸೋಣ ಎಂದು ಯಾರೋ ಹೇಳಿದ್ದು ಕಿವಿಗೆ ಬಿದ್ದಾಗ ಅತ್ತೆ ನಕ್ಕುಬಿಟ್ಟರು. “ನಾನು ನಿಮ್ಮ ಕೂಟದೋಳಲ್ಲಪ್ಪ, ಚರ್ಚಿನೋಳು. ನಮ್ಮ ಪಾದ್ರಿ ಇಂಗ್ಲಿಷಲ್ಲಿ ಏನೋ ಓದ್ತಾನೆ, ಅದು ನಂಗೆ ಅರ್ಥ ಆಗಲ್ಲ. ನಾನು ಹೇಳೋದು ಅವನಿಗೆ ಅರ್ಥ ಆಗಲ್ಲ. ಜಗಳಾನೇ ಇಲ್ಲ.”

ಹೀಗೆ ದೀಪವನ್ನು ನಂಬದವರ ಮನೆ ನಮ್ಮದು. ಆದರೆ ಮಾರನೆಯ ಬೆಳಿಗ್ಗೆ ಡೋರ್ತಿಯ ಅಂಬಲಿಯ ಮೇಲೆ ಕೆನೆ ಬಂತು. ನಮ್ಮಲ್ಲಿ ಕೆನೆಯೆಂದರೆ ಬೆಣ್ಣೆಗೆ, ಬೆಣ್ಣೆಯೆಂದರೆ ಬಾಲಾ ಪೇಟೆಗೆ. ಮನೆಯವರು ನಾಲಿಗೆಗೆ ಮುಟ್ಟಿಸುವುದಿಲ್ಲ. ಆ ರಾತ್ರಿಯಿಂದ ಅತ್ತಿಗೆ ಮಗಳನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಂಡಳು. ತೊರೆಗೆ ನೀರು ತರಲು ಅವಳನ್ನು ಕಳಿಸುವುದು ನಿಂತಿತು. ಕೂಟಕ್ಕೆ ಹೋಗುವಾಗ ಅಣ್ಣ, ಒಂದು ಮಾತೂ ಆಡದೆ, ಸೇತುವೆಯ ಹತ್ತಿರ ಅವಳನ್ನು ಎತ್ತಿಕೊಂಡು ಆಚೆ ದಡದಲ್ಲಿ ಇಳಿಸುತ್ತಿದ್ದ. ಅತ್ತೆಯ ಮಾತು ಅಷ್ಟರಲ್ಲಿ ಕಣಿವೆಯನ್ನೆಲ್ಲ ಸುತ್ತಿ ಬಂದಿತ್ತು. ಕೂಟದಲ್ಲಿ, ಶವಪೆಟ್ಟಿಗೆ ಮಾಡುವ ಬಡಗಿ ಅವಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ ಚಟ್ಟನೆ ಮುಖ ತಿರುಗಿಸಿಕೊಂಡದ್ದನ್ನು ನಾನೇ ಕಂಡೆ. ಅವಳೂ ಕಂಡಳು.

“ಮಾರ್ಗೆಡ್ ಅತ್ತೆ, ನಂಗೆ ಯಾಕೆ ಕೆನೆ ಹಾಕ್ತಾರೆ?” ಎಂದು ಒಂದು ದಿನ ಕೇಳಿದಳು. ನಾವಿಬ್ಬರೂ ಉಣ್ಣೆ ಬಿಡಿಸುತ್ತಾ ಕೂತಿದ್ದೆವು.

“ನೀನು ಸಣ್ಣಗಾಗಿದೀಯ, ಅದಕ್ಕೆ.”

“ನೀನೂ ಸಣ್ಣಗಿದೀಯ. ನಿಂಗೆ ಹಾಕಲ್ವಲ್ಲ.”

“ನಾನು ಮುದುಕಿ ಆಗ್ತಾ ಇದೀನಿ. ನಂಗ್ಯಾಕೆ ದಂಡಕ್ಕೆ?”

ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಉಣ್ಣೆಯಲ್ಲಿದ್ದ ಕಸ ಆರಿಸಿದಳು. “ನನ್ನ ಮರದ ಜೋಡು ಕೆಳಗಿನ ಮನೆ ಬೆಟ್ಸಿಗೆ ಕೊಡು. ಅವಳಿಗೆ ಒಂಚೂರು ದೊಡ್ಡದಾಗುತ್ತೆ, ಹುಲ್ಲು ತುರುಕ್ಕೊಂಡ್ರೆ ಸರಿಹೋಗುತ್ತೆ,” ಎಂದಳು.

ಬೈದೆ, ಮುದ್ದು ಮಾಡಿದೆ, ಮತ್ತೆ ಬೈದೆ. ಅವಳು ಎಲ್ಲಕ್ಕೂ ಹೂಂ ಎಂದಳು. ಆ ಸಂಜೆಯಿಂದ ಅವಳಿಗೆ ಅನ್ನಾಹಾರ ಸೇರಲಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ. ಉಪ್ಪು ಮಾಂಸದ ಸಾರು ಕೊಟ್ಟರೆ ಎರಡು ಗುಟುಕು ಕುಡಿದು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕಿಡುತ್ತಿದ್ದಳು. ಚಳಿ ಬಲಿಯುವ ಹೊತ್ತಿಗೆ ಹಾಸಿಗೆ ಹಿಡಿದಳು.

ಮನೆಗೆ ಬಂದುಹೋಗುವವರು ಹೆಚ್ಚಾದರು. ಅದೇ ಕಾಲಕ್ಕೆ ಫ್ರೆಂಚರ ದಂಡಿನ ಹಡಗು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂಬ ಗುಲ್ಲು. ಬಂದವರು ಬಾಗಿಲಲ್ಲಿ ನಿಂತು ಮೊದಲು ಫ್ರೆಂಚರ ಸುದ್ದಿ ಹೇಳುವರು, ಆಮೇಲೆ ದನಿ ತಗ್ಗಿಸಿ “ಮಗು ಹೇಗಿದೆ?” ಎನ್ನುವರು. ಆ ತಗ್ಗಿದ ದನಿಯನ್ನು ಕೇಳಿದರೆ ಗಟ್ಟಿಮುಟ್ಟಾದವರಿಗೂ ಮಲಗಬೇಕು ಅನ್ನಿಸುತ್ತಿತ್ತು. ಕೂಟದವರು ಬಂದು ಹಾಸಿಗೆಯ ಸುತ್ತ ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ಡೋರ್ತಿ ಕಣ್ಣು ಮುಚ್ಚಿಕೊಂಡು, ತನ್ನ ಗೋರಿಯ ಮೇಲಿನ ಪ್ರಾರ್ಥನೆಯನ್ನೇ ಕೇಳಿಸಿಕೊಳ್ಳುತ್ತಿದ್ದಳು ಎಂದು ನನಗನ್ನಿಸಿತು.

ಲೌರಿ ಒಂದು ಮಧ್ಯಾಹ್ನ ಅತ್ತೆಯ ಮೇಲೆ ಹರಿಹಾಯ್ದಳು. ಕೈಯಲ್ಲಿ ಬೆಣ್ಣೆ ಕಡೆಯುವ ಕೋಲು.

“ನೀವು ಬಾಯಿ ಮುಚ್ಕೊಂಡಿದ್ರೆ ನನ್ನ ಮಗು ಇವತ್ತು ಅಂಗಳದಲ್ಲಿ ಕುಣೀತಿತ್ತು!”

“ನಾನೇನು ದೀಪ ಹಚ್ಚಿ ಕಳಿಸಿದ್ನಾ? ಕಂಡೋಳ ಬಾಯಿ ಮುಚ್ಚಿಸಿದ್ರೆ ಬರೋದು ನಿಲ್ಲುತ್ತಾ?”

“ಅವಳ ಹತ್ರ ಹೋಗಿ, ‘ಕಣ್ಣು ಮಂಜಾಗಿತ್ತು ಕಂದ, ತಪ್ಪಾಗಿ ನೋಡಿದೆ’ ಅಂತ ಒಂದು ಮಾತು ಹೇಳಿ. ನಿಮ್ಮ ಕಾಲು ಬೇಕಾದ್ರೂ ಹಿಡೀತೀನಿ.”

ಅತ್ತೆಯ ಕುತ್ತಿಗೆಯ ನರ ಉಬ್ಬಿತು. ಗಿರಣಿಯವನ ಸಾವು, ಕಮ್ಮಾರನ ಹೆಂಡತಿಯ ಸಾವು, ಎಲ್ಲ ಮೊದಲೇ ಕಂಡು ಹೇಳಿದವರು. ಪಕ್ಕದ ಕಣಿವೆಯಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಗಂಡ ಸತ್ತು, ಹೊಲ ಹೋಗಿ, ತಮ್ಮನ ಮನೆಯ ಒಲೆಯ ಮುಂದೆ ಬಂದು ಕೂತ ಹೆಂಗಸಿಗೆ ಆ ಕಣ್ಣು ಬಿಟ್ಟರೆ ಇನ್ನೇನಿತ್ತು? “ನಾನು ಸುಳ್ಳು ಹೇಳಲ್ಲ ಲೌರಿ,” ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತರು. ಅವರಿಗೂ ಆ ಮಗು ಎಂದರೆ ಜೀವ.

ಇಷ್ಟೆಲ್ಲ ನಡೆಯುವಾಗ ಅಪ್ಪ ಎಲ್ಲಿದ್ದರು? ಇಲ್ಲೇ, ಮೇಜಿನ ತುದಿಯಲ್ಲಿ. ನನ್ನಪ್ಪ ರೋಲಂಟ್ ಒಂದು ಕಾಲದಲ್ಲಿ ಈ ಸೀಮೆಯ ಹೆಸರಾಂತ ಕೋಡಂಗಿ. ಬೇಸಗೆಯಲ್ಲಿ ರೈತರ ಅಂಗಳಗಳಲ್ಲಿ ಬಂಡಿಗಳನ್ನು ಜೋಡಿಸಿ ಆಟ ಕಟ್ಟುತ್ತಿದ್ದರಲ್ಲ, ಅದರಲ್ಲಿ ನರಿಬಾಲದ ಟೊಪ್ಪಿ ಹಾಕಿಕೊಂಡು, ಜಮೀನ್ದಾರನಿಂದ ಹಿಡಿದು ವಕೀಲನವರೆಗೆ ಎಲ್ಲರನ್ನೂ ಲೇವಡಿ ಮಾಡುತ್ತಿದ್ದವರು. ಅಮ್ಮ ತೀರಿಕೊಂಡ ಮೇಲೆ ಅಣ್ಣನ ಒತ್ತಾಯಕ್ಕೆ ಕೂಟ ಸೇರಿದರು. ಆಟ ಪಾಪದ ಕೆಲಸ ಎಂದು ಒಪ್ಪಿ, ಎಲ್ಲರೆದುರು ಟೊಪ್ಪಿಯನ್ನು ಬೆಂಕಿಗೆ ಹಾಕಿದರು. ನಗಿಸುವುದನ್ನು ಬಿಟ್ಟ ಮೇಲೆ ಅವರಿಗೆ ಮಾತನಾಡಲು ಏನೂ ಉಳಿದಿರಲಿಲ್ಲ. ಉಣ್ಣುವರು, ಏಳುವರು, ಕೊಟ್ಟಿಗೆಯ ಅಟ್ಟ ಹತ್ತುವರು.

ಒಂದು ಭಾನುವಾರ ಊಟಕ್ಕೆ ಡೋರ್ತಿಯನ್ನು ಕಂಬಳಿಯಲ್ಲಿ ಸುತ್ತಿ ಮೇಜಿಗೆ ತಂದಿದ್ದೆವು. ಬಟ್ಟಲು ಮುಟ್ಟಲಿಲ್ಲ. ಲೌರಿ ಅವಳನ್ನು ಮತ್ತೆ ಒಳಗೆ ಮಲಗಿಸಿ ಬಂದಳು. ಅಪ್ಪ ಚಮಚ ಕೆಳಗಿಟ್ಟರು.

“ಆ ದೀಪ ನಂದು.”

“ಏನಂದ್ರಿ?” ಎಂದ ಅಣ್ಣ.

“ಆ ಬುಧವಾರ ಲಾಂದ್ರ ಹಿಡ್ಕೊಂಡು ಹೋಗಿದ್ದು ನಾನು. ನೀವು ಕೂಟಕ್ಕೆ ಹೋದ ಮೇಲೆ ಹೋಗ್ತಿದ್ದೆ, ನೀವು ಬರೋ ಮುಂಚೆ ಬರ್ತಿದ್ದೆ. ಆ ರಾದ್ಧಾಂತ ಆದ್ಮೇಲೆ ಹೋಗಿಲ್ಲ.”

“ಎಲ್ಲಿಗೆ?”

“ಚರ್ಚಿನ ಗಂಟೆ ಗೋಪುರಕ್ಕೆ. ಹಂಫ್ರಿ ಹತ್ರ.”

ಹಂಫ್ರಿ ಗಂಟೆ ಹೊಡೆಯುವವನು, ಹೆಣದ ಗುಂಡಿ ತೋಡುವವನು. ಹಳೆಯ ಆಟಗಳಲ್ಲಿ ಅಪ್ಪನ ಜೊತೆಗೆ ಜಿಪುಣನ ಪಾತ್ರ ಅವನದೇ. ಅಣ್ಣನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಆಟ ಆಡ್ತಿದ್ರಾ?”

“ಆಟ ಏನು ಬಂತು? ಇಬ್ರೂ ಮುದುಕರು ಕೂತು ಹಳೇ ಮಾತು ಹೇಳ್ಕೋತೀವಿ, ಮರೆತು ಹೋಗಬಾರದು ಅಂತ. ಬಾವಲಿ ಬಿಟ್ರೆ ನೋಡೋರು ಯಾರೂ ಇಲ್ಲ. ಅವೂ ನಗಲ್ಲ.”

“ಟೊಪ್ಪಿ ಸುಟ್ಟಿದ್ರಲ್ಲ, ಅಷ್ಟು ಜನರ ಎದುರು?”

“ಅದು ಬೆಕ್ಕಿನ ಚರ್ಮ ಕಣೋ. ಟೊಪ್ಪಿ ಗೋಪುರದಲ್ಲಿದೆ.”

ನಗು ಉಕ್ಕಿ ಬಂತು, ಏನು ಮಾಡಲಿ. ಅಣ್ಣ ನನ್ನನ್ನು ದುರುಗುಟ್ಟಿ ನೋಡಿ ಅಪ್ಪನ ಕಡೆ ತಿರುಗಿದ. “ಇದನ್ನ ಕೂಟದ ಎದುರು ಹೇಳಬೇಕಾಗುತ್ತೆ. ನಿಮ್ಮನ್ನ ಹೊರಗೆ ಹಾಕೋ ಮಾತು ನನ್ನ ಬಾಯಿಂದಲೇ ಬರಬೇಕಾಗುತ್ತೆ. ಗೊತ್ತಾ ನಿಮಗೆ?”

“ಗೊತ್ತು. ಅದಕ್ಕೇ ಇಷ್ಟು ದಿನ ಹೇಳ್ಲಿಲ್ಲ.”

ಲೌರಿ ಎದ್ದು ನಿಂತಿದ್ದಳು. “ನಿಮ್ಮ ಕೂಟಕ್ಕಿಷ್ಟು ಬೆಂಕಿ ಬೀಳ! ಇಷ್ಟು ವಾರದಿಂದ ಕೂಸು ಸೊರಗ್ತಾ ಇರೋದನ್ನ ನೋಡ್ಕೊಂಡು ಸಾರು ಕುಡೀತಾ ಕೂತಿದ್ರಾ ಮಾವ?”

“ಮರೀತಾಳೆ ಅಂದ್ಕೊಂಡೆ ತಾಯಿ. ಮಕ್ಕಳು ಮರೀತಾರಲ್ಲ.”

ಲೌರಿ ಅವರ ಬಟ್ಟಲನ್ನು ಎತ್ತಿಕೊಂಡು ಹೋಗಿಬಿಟ್ಟಳು. ಆಮೇಲೆ ಅವರಿಗೆ ಬಡಿಸಲಿಲ್ಲ. ತಾವೇ ಬಗ್ಗಿ ಮಡಕೆಯಿಂದ ತೋಡಿಕೊಂಡು ನಿಂತೇ ತಿನ್ನುತ್ತಿದ್ದರು. ನನಗೂ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ಮುಚ್ಚಿಡುವುದೇನು. ಆದರೆ ಒಳಗೊಳಗೇ ಎದೆಯ ಮೇಲಿನ ಕಲ್ಲು ಇಳಿದಿತ್ತು. ದೀಪವೇ ಅಲ್ಲವೆಂದ ಮೇಲೆ ಸಾವು ಎಲ್ಲಿಯದು?

ಹೋಗಿ ಡೋರ್ತಿಗೆ ಹೇಳಿದೆವು. ಅಪ್ಪ ಹಾಸಿಗೆಯ ಅಂಚಿಗೆ ಕೂತು, ಗೋಪುರ, ಬಾವಲಿ, ಬೆಕ್ಕಿನ ಚರ್ಮ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ಅವಳು ಕೊನೆಯವರೆಗೂ ಕೇಳಿ, ಅವರ ಕೈ ಸವರಿದಳು.

“ಬೆಟ್ಸಿ ಅಣ್ಣಂಗೂ ಹೀಗೇ ಹೇಳಿದ್ರು ತಾತ. ಏನೂ ಆಗಿಲ್ಲ, ವಸಂತಕ್ಕೆ ಎದ್ದು ಓಡಾಡ್ತೀಯ ಅಂತ. ಅವನು ಏಳಲೇ ಇಲ್ಲ.” ಆಮೇಲೆ ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ಕರೆದಳು. “ಅಜ್ಜಿ, ಅದು ಲಾಂದ್ರಾನಾ?”

ನಾವೆಲ್ಲ ಅತ್ತೆಯ ಮುಖವನ್ನೇ ನೋಡಿದೆವು. ಲೌರಿಯ ಎರಡೂ ಕೈ ತಾವಾಗಿಯೇ ಜೋಡಿಸಿಕೊಂಡಿದ್ದವು.

“ನಾನು ಕಂಡಿದ್ದು ಲಾಂದ್ರ ಅಲ್ಲ,” ಎಂದರು ಅತ್ತೆ.

“ಸರಿ,” ಎಂದರು ಅಪ್ಪ. ಅವರ ದನಿ ಏರಿದ್ದನ್ನು ನಾನು ಎಷ್ಟೋ ಕಾಲದಿಂದ ಕೇಳಿರಲಿಲ್ಲ. “ಹಾಗಾದ್ರೆ ಅಕ್ಕ ಇನ್ನೊಂದ್ಸಲ ನೋಡ್ಲಿ. ಮಗೂನೂ ನೋಡ್ಲಿ. ಬುಧವಾರ ಅದೇ ಹೊತ್ತಿಗೆ, ಅದೇ ದಾರೀಲಿ ಹೋಗ್ತೀನಿ.”

ಬುಧವಾರ ಅಣ್ಣ ಕೂಟಕ್ಕೆ ಹೋಗಲಿಲ್ಲ. ಕೂಟ ಸೇರಿದ ಮೇಲೆ ಅವನು ಹೀಗೆ ತಪ್ಪಿಸಿಕೊಂಡದ್ದು ಅದೇ ಮೊದಲು. ಕತ್ತಲಾಗುತ್ತಿದ್ದಂತೆ, ಕುರಿಕೊಬ್ಬಿನಲ್ಲಿ ಅದ್ದಿದ ಜೊಂಡಿನ ಬತ್ತಿಯನ್ನು ಅವನೇ ಹಚ್ಚಿ ಲಾಂದ್ರದೊಳಗೆ ಸಿಕ್ಕಿಸಿದ. ಅದು ಅಪ್ಪನ ಹಳೆಯ ಲಾಂದ್ರ. ಗಾಜಿನ ಬದಲು ತೆಳ್ಳಗೆ ಹೆರೆದ ದನದ ಕೊಂಬಿನ ಹಾಳೆಗಳು, ಅವೂ ಹೊಗೆ ಹಿಡಿದು ಮಂಜಾಗಿದ್ದವು. ಒಳಗಿನ ಬೆಳಕು ಹೊರಗೆ ಬರುವಷ್ಟರಲ್ಲಿ ಬಿಳಿಚಿಕೊಂಡು ಬೆರಳಿನಷ್ಟಾಗುತ್ತಿತ್ತು.

“ಗಾಳಿ ಇದೆ ಅಪ್ಪ, ನಿಧಾನ,” ಎಂದ ಅಣ್ಣ.

“ನಿಂಗೆ ಪಾಪ ತಗಲೀತು ಕಣೋ, ಕೋಡಂಗಿಗೆ ದೀಪ ಹಚ್ಚಿಕೊಟ್ಟೆ,” ಎಂದು ಅಪ್ಪ ಹೊರಟರು.

ನಾವು ಕಿಟಕಿಗೆ ಬಂದೆವು. ಲೌರಿ ಮಗಳನ್ನು ಕಂಬಳಿಯ ಸಮೇತ ಎತ್ತಿಕೊಂಡಿದ್ದಳು. ಅತ್ತೆಯನ್ನು ನಾನೇ ತೋಳು ಹಿಡಿದು ಮುಂದಕ್ಕೆ ತಂದೆ. ಕೊಟ್ಟಿಗೆಯ ಮೂಲೆಯಿಂದ ಸಣ್ಣದೊಂದು ಮಂಕು ಬೆಳಕು ಎದ್ದು ದಾರಿ ಹಿಡಿಯಿತು. ಹಿಡಿದವರು ಕಾಣುತ್ತಿರಲಿಲ್ಲ, ಬೆಳಕು ಮಾತ್ರ. ಅಪ್ಪನೇ ಎಂದು ಗೊತ್ತಿದ್ದೂ ನನ್ನ ಮೈ ಜುಮ್ಮೆಂದಿತು.

“ಅಮ್ಮ, ದೀಪ ಕುಂಟ್ತಾ ಇದೆ!” ಎಂದಳು ಡೋರ್ತಿ.

ಹೌದು. ನಾಲ್ಕು ಹೆಜ್ಜೆಗೊಮ್ಮೆ ಬೆಳಕು ಒಂದು ಪಕ್ಕಕ್ಕೆ ವಾಲಿ ಮತ್ತೆ ಮೇಲೇಳುತ್ತಿತ್ತು. ಅಪ್ಪನ ಎಡ ಮಂಡಿ.

“ಅವತ್ತೂ ಕುಂಟ್ತಿತ್ತಾ ಅಜ್ಜಿ?”

ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. “ಕುಂಟ್ತಿತ್ತು ಕಂದ,” ಎಂದರು ಕೊನೆಗೆ. “ಹೀಗೇ ಇತ್ತು. ನಾನು ಕಂಡಿದ್ದು ಇದೇನೇ. ನಿಮ್ಮ ತಾತನ ಹಾಳು ಲಾಂದ್ರ.”

ಡೋರ್ತಿ ಕಿಸಕ್ಕನೆ ನಕ್ಕಳು. ಆಮೇಲೆ ತಾಯಿಯ ಭುಜದ ಮೇಲೆ ಗದ್ದ ಊರಿ, “ಹಸಿವಾಗ್ತಿದೆ,” ಎಂದಳು. ಲೌರಿ ಒಂದೇ ಉಸಿರಿಗೆ ಅವಳನ್ನು ಒಲೆಯ ಮುಂದಕ್ಕೆ ಒಯ್ದು ಕೂರಿಸಿ, ಬಟ್ಟಲಿಗೆ ಅಂಬಲಿ ಸುರಿದಳು. ಅವಳು ಅಳುತ್ತಿದ್ದಳು, ನಗುತ್ತಿದ್ದಳು, ಮಜ್ಜಿಗೆಯನ್ನು ಅರ್ಧ ನೆಲಕ್ಕೆ ಚೆಲ್ಲಿದಳು. ಮಗು ಬಗಬಗನೆ ತಿನ್ನುವ ಸದ್ದು ನನ್ನ ಬೆನ್ನ ಹಿಂದಿನಿಂದ ಕೇಳುತ್ತಿತ್ತು.

ಕಿಟಕಿಯಲ್ಲಿ ನಾವು ಮೂವರೇ ಉಳಿದೆವು, ಅಣ್ಣ, ಅತ್ತೆ, ನಾನು. ಬೆಳಕು ಸೇತುವೆಯ ಮೇಲೆ ಹತ್ತಿತು. ಅಲ್ಲೊಂದು ಸಲ ಕಣ್ಣುಮುಚ್ಚಿತು. ಮತ್ತೆ ಕಾಣಿಸಿಕೊಂಡಾಗ ಆಚೆ ದಡದಲ್ಲಿತ್ತು, ದೊಡ್ಡದಾಗಿತ್ತು. ಮಂಕು ಹೋಗಿ ಕೆಂಪಾಗಿತ್ತು. ಏರು ದಾರಿಯಲ್ಲಿ ಕುಂಟುತ್ತಾ ಕುಂಟುತ್ತಾ ಚರ್ಚಿನ ಗೇಟಿನವರೆಗೆ ಹೋಯಿತು. ಗೇಟಿನಲ್ಲಿ ನಿಲ್ಲಲಿಲ್ಲ. ಗೋಪುರದ ಕಡೆಗೂ ತಿರುಗಲಿಲ್ಲ. ನೇರವಾಗಿ ಒಳಗೆ ಹೋಗಿ, ಅಮ್ಮನನ್ನು ಮಣ್ಣು ಮಾಡಿದ ಮೂಲೆಯಲ್ಲಿ ನಿಂತಿತು.

ಅತ್ತೆಯ ಉಗುರು ನನ್ನ ಮುಂಗೈಯಲ್ಲಿ ಇಳಿದಿತ್ತು.

“ಗಾಳಿಗೆ ಉರಿ ಹೆಚ್ಚಾಗಿರಬೇಕು,” ಎಂದ ಅಣ್ಣ ಪಿಸುದನಿಯಲ್ಲಿ.

ಬೆಳಕು ಇನ್ನೂ ಅಲ್ಲೇ ಇದ್ದಾಗ ಹಿಂದೆ ಬಾಗಿಲು ತೆರೆಯಿತು. ಅಪ್ಪ ನಿಂತಿದ್ದರು, ಮಂಡಿಯವರೆಗೆ ಒದ್ದೆ. ಕೈಯಲ್ಲಿದ್ದ ಲಾಂದ್ರ ಆರಿತ್ತು.

“ಸೇತುವೆ ಮೇಲೆ ಗಾಳಿ ಹೊಡೆದು ಆರಿಹೋಯ್ತು. ಕತ್ತಲಲ್ಲಿ ತೊರೆಗೆ ಕಾಲಿಟ್ಟು, ತಡಕಾಡ್ಕೊಂಡು ಅಲ್ಲಿಂದ್ಲೇ ವಾಪಸ್ ಬಂದೆ,” ಎಂದರು. “ಅಷ್ಟು ಸಾಕಾಯ್ತಾ? ಕಂಡಿತಾ ಮಗೂಗೆ?”

“ಕಂಡಿತು ತಾತ!” ಎಂದಳು ಡೋರ್ತಿ, ಬಾಯಿ ತುಂಬ ಅಂಬಲಿ.

ಅಣ್ಣ ಕಿಟಕಿಗೆ ಬೆನ್ನು ಕೊಟ್ಟು ನಿಂತ. “ಅಪ್ಪ, ಹಂಫ್ರಿ ಅಲ್ಲಿ...?”

“ಹಂಫ್ರಿ ಮಗಳ ಮನೆಗೆ ಹೋಗಿದಾನಲ್ಲ, ಭಾನುವಾರಾನೇ. ಯಾಕೆ?”

ಬಂಡಿಯ ಮೇಲೆ ನಿಂತು ಜನರ ಮುಖ ಓದುತ್ತಾ ಬದುಕಿದವರು ಅವರು. ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ಲಾಂದ್ರವನ್ನು ಮೆಲ್ಲಗೆ ನೆಲಕ್ಕಿಟ್ಟು, ಮಗುವಿಗೆ ಕೇಳದಂತೆ ಅತ್ತೆಯ ಹತ್ತಿರ ಬಂದರು.

“ಅಕ್ಕ. ಸಣ್ಣದಾ?”

ಅತ್ತೆ ಇಲ್ಲವೆಂದು ತಲೆಯಾಡಿಸಿದರು. “ದೊಡ್ಡದು.”

ಅಪ್ಪನ ಕಣ್ಣು ಒಂದು ಗಳಿಗೆ ಅಣ್ಣನ ಮೇಲೆ ಹೋಗಿ ಬಂತು. “ಕುಂಟ್ತಿತ್ತಾ?”

“ಕುಂಟ್ತಿತ್ತು ಕಣೋ,” ಎಂದರು ಅತ್ತೆ. ಸುಳ್ಳು ಹೇಳಲಾಗದೆ ಬಾಯಿಗೆ ಶಾಲಿನ ತುದಿ ತುರುಕಿಕೊಂಡರು.

“ಸದ್ಯ,” ಎಂದು ಅಪ್ಪ ಉಸಿರು ಬಿಟ್ಟರು. ಎಷ್ಟೋ ವಾರಗಳಿಂದ ಹಿಡಿದಿಟ್ಟಿದ್ದ ಉಸಿರು ಅದು.

“ಏನು ತಾತ ಸದ್ಯ?”

“ಸದ್ಯ ನಂಗೂ ಒಂದಿಷ್ಟು ಉಳಿಸಿದೀಯಲ್ಲ ಅಂತ ಕಣೇ ಬಕಾಸುರಿ. ಸರಿ ಆಚೆ.” ಮಂಡಿ ಹಿಡಿದುಕೊಂಡು ಅವಳ ಪಕ್ಕದಲ್ಲೇ ಕೂತರು.

ಲೌರಿ ಏನನ್ನೂ ಕಂಡಿರಲಿಲ್ಲ. ಭಾನುವಾರದಿಂದ ಅವರಿಗೆ ಬಡಿಸದಿದ್ದವಳು ಈಗ ತಾನೇ ಬಟ್ಟಲು ತುಂಬಿ ತಂದು ಅವರ ಕೈಗೆ ಕೊಟ್ಟಳು. “ಬಿಸಿ ಇದೆ ಮಾವ, ನಿಧಾನ.”

ಅಣ್ಣ ಬಂದು ಅವರ ಕಾಲ ಬಳಿ ಮೊಣಕಾಲೂರಿ ಕೂತು ಒದ್ದೆ ಜೋಡು ಬಿಚ್ಚತೊಡಗಿದ.

“ಬಿಡೋ, ನಾನೇ ಬಿಚ್ಕೋತೀನಿ,” ಎಂದರು ಅಪ್ಪ.

ಅಣ್ಣ ಬಿಡಲಿಲ್ಲ.